ಅಂಗೈಯ ಯಂತ್ರವೂ ಕನ್ನಡದ ಅಕ್ಷರವೂ

೧

ಅಕ್ಷರವೆಂದರೆ ಕ್ಷಯವಿಲ್ಲದುದು ಎಂದು ಶಾಸ್ತ್ರಕಾರರು ಅರ್ಥ ಹೇಳಿರುವರು. ಆದರೆ ಅಕ್ಷರವನ್ನು ಹೊರುವ ವಸ್ತುವಿಗೆ ಆ ಭಾಗ್ಯವಿಲ್ಲ. ಕಲ್ಲು, ತಾಮ್ರಪಟ, ತಾಳೆಗರಿ, ಕಾಗದ, ಸೀಸದ ಮೊಳೆ ಇವೆಲ್ಲವೂ ಒಂದೊಂದು ಕಾಲದಲ್ಲಿ ಕನ್ನಡದ ಅಕ್ಷರಗಳನ್ನು ಹೊತ್ತು, ತಮ್ಮ ಕಾಲವು ತೀರಲು ಆ ಭಾರವನ್ನು ಮುಂದಿನ ವಸ್ತುವಿಗೆ ಒಪ್ಪಿಸಿ ಹಿಂದೆ ಸರಿದುವು. ಪ್ರಕೃತದಲ್ಲಿ ಆ ಭಾರವು ಅಂಗೈಯಗಲದ ಒಂದು ಗಾಜಿನ ಹಲಗೆಯ ಮೇಲೆ ಬಂದು ನಿಂತಿದೆ. ಜನರು ಅದನ್ನು ಮೊಬೈಲೆಂದೂ ಫೋನೆಂದೂ ಕರೆಯುವರು.

ವಿಜಯಪುರ ಜಿಲ್ಲೆಯ ಸಿಂದಗಿ ತಾಲೂಕಿನ ಯಂಕಂಚಿಯು ಭೀಮಾನದಿಯ ತೆಂಕಣ ಎರೆಸೀಮೆಯ ಗ್ರಾಮಗಳಲ್ಲಿ ಒಂದು. ಹಿಂಗಾರಿಯ ಜೋಳವೂ ತೊಗರಿಯೂ ಈ ಸೀಮೆಯ ಮುಖ್ಯವಾದ ಬೆಳೆಗಳು. ಮಳೆಯು ಕೈಕೊಟ್ಟ ವರ್ಷಗಳಲ್ಲಿ ದುಡಿಮೆಯನ್ನರಸಿ ಪುಣೆ, ಮುಂಬಯಿ, ಗೋವೆ, ಬೆಂಗಳೂರುಗಳಿಗೆ ಗುಳೆ ಹೋಗುವುದು ಇಲ್ಲಿಯ ಜನರಿಗೆ ಹೊಸತಲ್ಲ. ಹೋದವರ ಸುದ್ದಿಯನ್ನು ಊರಿಗೆ ತರುತ್ತಿದ್ದುದು ಅಂಚೆಯ ಕಾರ್ಡು. ಓದುಬಲ್ಲವರು ಮನೆಯಲ್ಲಿಲ್ಲದಿದ್ದರೆ ತಾಯಿಯು ಆ ಕಾರ್ಡನ್ನು ಸೆರಗಿನಲ್ಲಿಟ್ಟುಕೊಂಡು ಸಾಲೆಯ ಮಾಸ್ತರರ ಮನೆಗೆ ಹೋಗಬೇಕಾಗುತ್ತಿದ್ದಿತು. ಮಗನ ಸಾಲವನ್ನೂ ಸೊಸೆಯ ಬೇನೆಯನ್ನೂ ಆಕೆಗಿಂತ ಮೊದಲು ಮಾಸ್ತರರು ಅರಿಯುತ್ತಿದ್ದರು. ಮರುಓಲೆಯನ್ನು ಬರೆಸಬೇಕಾದರೂ ಪರರ ಕೈಯೇ ಗತಿ. ಇಂದು ಅದೇ ತಾಯಿಯು ಅಂಗಳದಲ್ಲಿ ಕುಳಿತು ಮಗನ ಧ್ವನಿಯನ್ನು ಕೇಳುವಳು, ಮೊಮ್ಮಗುವಿನ ಮುಖವನ್ನು ಕಾಣುವಳು. ಈ ಲಾಭವನ್ನು ಅಲ್ಪವೆಂದು ಹೇಳುವವನು ಆ ಕಾರ್ಡಿನ ಕಾಲವನ್ನು ಕಂಡವನಲ್ಲ.

ಆದರೂ ಒಂದು ಪ್ರಶ್ನೆಯು ಉಳಿಯುತ್ತದೆ. ಆ ಯಂತ್ರದಲ್ಲಿ ಕನ್ನಡವು ಕೇಳಿಸುವಷ್ಟು ಸಲೀಸಾಗಿ ಬರೆಯಲ್ಪಡುತ್ತಿದೆಯೇ? ಸಾಲೆ ಕಲಿತ ಮಗನೂ ತಂದೆಗೆ ಒಂದು ಸಾಲಿನ ಸಂದೇಶವನ್ನು ಕಳುಹಿಸುವಾಗ ಕನ್ನಡದ ಮಾತನ್ನು ಇಂಗ್ಲಿಷಿನ ಅಕ್ಷರಗಳಲ್ಲಿ ಪೋಣಿಸುವುದು ಮನೆಮನೆಯಲ್ಲಿಯೂ ಕಾಣುವ ಸಂಗತಿ. ಕನ್ನಡದ ಅಕ್ಷರವು ಯಂತ್ರದೊಳಗೆ ಇಲ್ಲವೆಂದು ಅನೇಕರು ತಿಳಿದಿರುವರು. ಇದ್ದರೂ ಕಷ್ಟವೆಂದು ಇನ್ನನೇಕರು ತಿಳಿದಿರುವರು. ಇವೆರಡೂ ನಿಜವಲ್ಲ. ಈ ತಪ್ಪು ತಿಳಿವಳಿಕೆಯು ಹೇಗೆ ಹುಟ್ಟಿತೆಂಬುದನ್ನು ಕಾಣಬೇಕಾದರೆ ಅಕ್ಷರವು ಯಂತ್ರಕ್ಕೆ ಏರಿದ ಮೆಟ್ಟಿಲುಗಳನ್ನು ಕ್ರಮವಾಗಿ ನೋಡಬೇಕು.

೨

ಮೊದಲನೆಯ ಮೆಟ್ಟಿಲು ಅಚ್ಚಿನ ಮೊಳೆ. ಕನ್ನಡದ ವ್ಯಾಕರಣವೊಂದನ್ನು ವಿಲಿಯಂ ಕೇರಿಯು ಶ್ರೀರಾಮಪುರದಲ್ಲಿ ೧೮೧೭ರಲ್ಲಿ ಅಚ್ಚು ಹಾಕಿಸಿದನು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಟಿತು. ವಿಜಯಪುರದ ಸೀಮೆಯಲ್ಲಿ ಈ ಮಾರ್ಗವನ್ನು ಹಿಡಿದವರು ಫ. ಗು. ಹಳಕಟ್ಟಿಯವರು. ಧಾರವಾಡದಲ್ಲಿ ೧೮೮೦ರಲ್ಲಿ ಹುಟ್ಟಿ, ವಕೀಲಿಯ ವೃತ್ತಿಗಾಗಿ ವಿಜಾಪುರದಲ್ಲಿ ನೆಲಸಿದ ಈ ಮಹನೀಯರು, ಮಠಮನೆಗಳ ಅಟ್ಟಗಳಲ್ಲಿ ಧೂಳು ಹಿಡಿದಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು ವಚನಗಳನ್ನು ಬೆಳಕಿಗೆ ತಂದರು. ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ೧೯೨೩ರಲ್ಲಿ ಪ್ರಕಟವಾಯಿತು. ಪರರ ಮುದ್ರಣಾಲಯಗಳನ್ನು ಕಾದು ಕೆಲಸವು ಸಾಗದೆಂದು ಕಂಡು ೧೯೨೫ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರೆಂಬುದು ನಾಡಿಗೆ ತಿಳಿದ ಸಂಗತಿ. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು.

ಇಲ್ಲಿ ಗಮನಿಸತಕ್ಕ ಅಂಶವು ಒಂದು. ಗರಿಯ ಮೇಲೆ ಕಂಠವನ್ನು ಹಿಡಿದು ಕೊರೆಯುವವನಿಗೆ ಅಕ್ಷರಗಳ ಸಂಖ್ಯೆಯ ಚಿಂತೆಯಿಲ್ಲ. ಕೈಗೆ ರೂಢಿಯಾದ ಆಕೃತಿಯನ್ನು ಅದು ಬರೆಯುತ್ತಲೇ ಹೋಗುವುದು. ಆದರೆ ಮೊಳೆಯನ್ನು ಜೋಡಿಸುವವನಿಗೆ ಪ್ರತಿಯೊಂದು ಆಕೃತಿಗೂ ಒಂದೊಂದು ಮೊಳೆ ಬೇಕು. ಕನ್ನಡದಲ್ಲಿ ಸ್ವರಗಳು ೧೩, ವ್ಯಂಜನಗಳು ೩೪, ಯೋಗವಾಹಗಳು ೨; ಕೂಡಿಸಿ ೪೯ ವರ್ಣಗಳು. ಎಳೆಯ ಮಗುವೂ ಕಂಠಪಾಠ ಮಾಡಬಹುದಾದಷ್ಟು. ಆದರೆ ೩೪ ವ್ಯಂಜನಗಳಿಗೆ ೧೩ ಸ್ವರಗಳು ಸೇರಿದರೆ ಕಾಗುಣಿತದ ಆಕೃತಿಗಳು ೪೪೨ ಆಗುವುವು. ಎರಡು ವ್ಯಂಜನಗಳು ಕೂಡಿದ ಒತ್ತಕ್ಷರಗಳಿಗೆ ಸ್ವರವನ್ನು ಹಚ್ಚಿದರೆ ಗಣಿತದ ಪ್ರಕಾರ ೧೫,೦೨೮ ಆಕೃತಿಗಳು ಹುಟ್ಟುವುವು. ಇವುಗಳಲ್ಲಿ ಬಹುಭಾಗವು ಮಾತಿನಲ್ಲಿ ಬಾರದಿದ್ದರೂ, ಬರುವ ಭಾಗವೇ ಮೊಳೆಗಾರನನ್ನು ದಣಿಸುವಷ್ಟು ಇದ್ದಿತು. ತಲಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ ಎಂದು ನೂರಾರು ಮೊಳೆಗಳನ್ನು ಗೂಡುಗೂಡುಗಳಲ್ಲಿ ಹರಡಿಕೊಂಡು, ಆ ಗೂಡುಗಳ ನೆಲೆಯನ್ನು ಬೆರಳಿನಲ್ಲಿ ಬಾಯಿಪಾಠ ಮಾಡಿಕೊಂಡವನೇ ಜೋಡಣೆಗಾರನು.

ಬೆರಳಚ್ಚು ಯಂತ್ರವು ಬಂದಾಗ ಈ ಕಷ್ಟವು ಇನ್ನೂ ಬಿಗಿಯಾಯಿತು. ಅದರಲ್ಲಿ ಇರುವುದು ಸುಮಾರು ೪೫ ಕೀಲಿಗಳು; ಕೀಲಿಗೆ ಎರಡರಂತೆ ಹಿಡಿದರೂ ೯೦ ಆಕೃತಿಗಳಿಗೆ ಮಾತ್ರ ಸ್ಥಳ. ಅನಂತಸುಬ್ಬರಾಯರು ಕನ್ನಡದ ಅಕ್ಷರಗಳನ್ನು ತುಂಡುತುಂಡಾಗಿ ವಿಂಗಡಿಸಿ ಆ ಇಕ್ಕಟ್ಟಿನಲ್ಲಿ ಕೂರಿಸಿದರು. ಕಚೇರಿಗಳ ಕನ್ನಡವು ದಶಕಗಳ ಕಾಲ ಅದೇ ಮಣೆಯ ಮೇಲೆ ನಡೆಯಿತು. ಆದರೆ ಆ ಮಣೆಯಲ್ಲಿ ಬೆರಳು ಅರಿಯಬೇಕಾದುದು ಅಕ್ಷರದ ಆಕಾರವನ್ನು, ಅದರ ಧ್ವನಿಯನ್ನಲ್ಲ. ಆದಕಾರಣ ಅದು ಕಲಿತವರ ವಿದ್ಯೆಯಾಗಿ ಉಳಿಯಿತೇ ಹೊರತು ಜನಸಾಮಾನ್ಯರ ಬಳಕೆಗೆ ಬರಲಿಲ್ಲ.

೩

ಈ ಗಂಟನ್ನು ಬಿಡಿಸಿದವರು ಕಿನ್ನಿಕಂಬಳ ಪದ್ಮನಾಭರಾಯರು. ಕೆ. ಪಿ. ರಾವ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರು ಮಂಗಳೂರಿಗೆ ಸಮೀಪದ ಕಿನ್ನಿಕಂಬಳದಲ್ಲಿ ೧೯೪೦ರಲ್ಲಿ ಜನಿಸಿದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ಗಣಕಯಂತ್ರದ ಪರಿಚಯವನ್ನು ಪಡೆದರು. ಸಿಂಧೂ ಲಿಪಿಯ ಮುದ್ರೆಗಳನ್ನು ಗಣಕದ ಸಹಾಯದಿಂದ ವಿಂಗಡಿಸಿದ ಐರಾವತಂ ಮಹಾದೇವನ್ ಅವರೊಡನೆ ದುಡಿದರು. ಅನಂತರ ಮುದ್ರಣದ ಉದ್ಯಮದಲ್ಲಿದ್ದು ಭಾರತೀಯ ಲಿಪಿಗಳನ್ನು ಯಂತ್ರಕ್ಕೆ ಒಗ್ಗಿಸುವ ಕಾರ್ಯದಲ್ಲಿ ತೊಡಗಿದರು. ಲಿಪಿಯ ಪ್ರಾಚೀನತೆಯನ್ನೂ ಯಂತ್ರದ ನವೀನತೆಯನ್ನೂ ಒಬ್ಬನೇ ವ್ಯಕ್ತಿಯು ಅರಿತಿದ್ದುದು ಕನ್ನಡದ ಭಾಗ್ಯವೆನ್ನಬೇಕು.

ಅವರು ಕಂಡುಕೊಂಡ ತತ್ತ್ವವು ಸರಳವಾದುದು. ಯಂತ್ರವು ಆಕೃತಿಗಳನ್ನು ತಾನೇ ರಚಿಸಬಲ್ಲುದಾದ ಮೇಲೆ, ಬೆರಳು ಆಕೃತಿಯ ಚಿಂತೆಯನ್ನು ಏಕೆ ಮಾಡಬೇಕು? ಬೆರಳು ವರ್ಣವನ್ನು ಹೇಳಲಿ, ಆಕೃತಿಯನ್ನು ಯಂತ್ರವು ಕಟ್ಟಲಿ. ಹೀಗೆ ನೋಡಿದರೆ ೧೫,೦೨೮ರ ಭಯವು ಕರಗಿಹೋಗಿ ಮೊದಲಿನ ೪೯ ವರ್ಣಗಳೇ ಉಳಿಯುವುವು. ಅವುಗಳೊಡನೆ, ವ್ಯಂಜನದೊಳಗಿನ ಅಕಾರವನ್ನು ತೆಗೆದು ಮುಂದಿನ ವ್ಯಂಜನಕ್ಕೆ ಒತ್ತಾಗುವಂತೆ ಮಾಡುವ ಹಲಂತದ ಚಿಹ್ನೆಯೊಂದು ಬೇಕು. ಒಟ್ಟು ೫೦ ಆಯಿತು. ಇಂಗ್ಲಿಷಿನ ಮಣೆಯಲ್ಲಿ ೨೬ ಅಕ್ಷರದ ಕೀಲಿಗಳು. ದೊಡ್ಡ ಅಕ್ಷರ ಚಿಕ್ಕ ಅಕ್ಷರಗಳೆಂಬ ಎರಡು ಸ್ತರಗಳಿಂದ ಸ್ಥಳಗಳು ೫೨. ಕನ್ನಡದ ವರ್ಣಮಾಲೆಯು ಅದರಲ್ಲಿ ಅಡಗಿ ಇನ್ನೂ ಸ್ಥಳ ಮಿಗುವುದು.

ಈ ಹಂಚಿಕೆಯಲ್ಲಿ ಶಿಕ್ಷಾಶಾಸ್ತ್ರವನ್ನು ಬಲ್ಲವರಿಗೆ ಸಂತೋಷವನ್ನುಂಟುಮಾಡುವ ಒಂದು ಗುಣವಿದೆ. ಒಂದೇ ಸ್ಥಾನದಲ್ಲಿ ಹುಟ್ಟುವ ಅಲ್ಪಪ್ರಾಣ ಮಹಾಪ್ರಾಣಗಳು ಒಂದೇ ಕೀಲಿಯ ಎರಡು ಸ್ತರಗಳಲ್ಲಿ ಕುಳಿತಿವೆ. ‘ಕೆ’ ಕೀಲಿಯನ್ನು ಒತ್ತಿದರೆ ಕಕಾರ, ಅದನ್ನೇ ಮೇಲಿನ ಸ್ತರದಲ್ಲಿ ಒತ್ತಿದರೆ ಖಕಾರ, ‘ಟಿ’ಯಲ್ಲಿ ತಕಾರ ಥಕಾರ, ‘ಪಿ’ಯಲ್ಲಿ ಪಕಾರ ಫಕಾರ. ಹ್ರಸ್ವದೀರ್ಘಗಳಿಗೂ ಇದೇ ನ್ಯಾಯ. ಇಂಗ್ಲಿಷಿನಲ್ಲಿ ಜೋಡಿಯಿಲ್ಲದ ಮೂರ್ಧನ್ಯಗಳಾದ ಟಕಾರ ಡಕಾರಗಳು, ಕನ್ನಡಕ್ಕೆ ಬೇಡವಾಗಿ ಬಿದ್ದಿದ್ದ ‘ಕ್ಯೂ’ ಮತ್ತು ‘ಡಬ್ಲ್ಯೂ’ ಕೀಲಿಗಳನ್ನು ಆಶ್ರಯಿಸಿದುವು. ‘ಎಫ್’ ಕೀಲಿಯು ಹಲಂತವಾಯಿತು. ವ್ಯಂಜನದಲ್ಲಿ ಅಕಾರವು ಸಹಜವಾಗಿ ಅಡಗಿರುವುದೆಂಬ ನಮ್ಮ ಲಿಪಿಯ ಧರ್ಮವನ್ನು ಈ ಮಣೆಯು ಬಿಡಲಿಲ್ಲ. ಅದರ ಫಲವಾಗಿ ‘ಕನ್ನಡ’ ಎಂಬ ಮಾತನ್ನು ಮೂಡಿಸಲು ಕ, ನ, ಹಲಂತ, ನ, ಡ ಎಂದು ಐದು ಸಾರಿ ಒತ್ತಿದರೆ ಸಾಕು. ಅದೇ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಾದರೆ ಏಳು ಅಕ್ಷರಗಳು ಬೇಕು. ಕನ್ನಡವನ್ನು ಒತ್ತುವುದು ಇಂಗ್ಲಿಷಿಗಿಂತ ಕಷ್ಟವೆಂಬ ಮಾತಿಗೆ ಈ ಎಣಿಕೆಯೇ ಉತ್ತರ.

ಪದ್ಮನಾಭರಾಯರು ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂಬ ಹೆಸರನ್ನಿಟ್ಟು ಅದನ್ನು ಬೆಲೆಯಿಲ್ಲದೆ ಜನರಿಗೆ ಕೊಟ್ಟರು. ಛಂದಸ್ಸಿನಲ್ಲಿಯೂ ಭಾಷಾವಿಚಾರದಲ್ಲಿಯೂ ಆಳವಾದ ಪಾಂಡಿತ್ಯವಿದ್ದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯು ಗಣಕದೊಳಗೆ ಹೀಗೆ ನೆಲೆಯಾಯಿತು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ‘ಬರಹ’ವನ್ನು ಹೊರತಂದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ಪದ್ಮನಾಭರಾಯರ ಮಣೆಯನ್ನೇ ಅಂಗೀಕರಿಸಿ ಸರಕಾರದ ಕಚೇರಿಗಳಿಗೆ ಹೋಯಿತು.

೪

ಮಣೆಯು ಸಿದ್ಧವಾದರೂ ಒಂದು ಕೊರತೆಯು ಉಳಿದಿದ್ದಿತು. ಯಂತ್ರವು ಅಕ್ಷರವನ್ನು ಬಲ್ಲುದಲ್ಲ. ಅಂಕೆಗಳನ್ನು ಮಾತ್ರ ಬಲ್ಲುದು. ಯಾವ ಅಕ್ಷರಕ್ಕೆ ಯಾವ ಅಂಕೆ ಎಂಬುದು ಎಲ್ಲರಿಗೂ ಒಂದೇ ಆಗಿರದಿದ್ದರೆ, ಒಬ್ಬನು ಬರೆದುದನ್ನು ಇನ್ನೊಬ್ಬನ ಯಂತ್ರವು ಓದಲಾರದು. ಒಂದೊಂದು ತಂತ್ರಾಂಶವೂ ತನ್ನದೇ ಅಂಕೆಗಳನ್ನು ಹಿಡಿದಿದ್ದ ಆ ದಿನಗಳಲ್ಲಿ, ಒಂದರಲ್ಲಿ ಬರೆದ ಲೇಖನವನ್ನು ಮತ್ತೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಗುಂಪು ಕಾಣಿಸುತ್ತಿದ್ದಿತು.

ಇದಕ್ಕೆ ಪರಿಹಾರವು ಎರಡು ಹೆಜ್ಜೆಗಳಲ್ಲಿ ಬಂದಿತು. ಭಾರತೀಯ ಲಿಪಿಗಳೆಲ್ಲವೂ ಒಂದೇ ವರ್ಣಕ್ರಮದ ಮಕ್ಕಳೆಂಬುದನ್ನು ಹಿಡಿದು ಅವುಗಳಿಗೆ ಸಾಮಾನ್ಯವಾದ ಸಂಕೇತವೊಂದನ್ನು ಭಾರತದಲ್ಲಿ ರಚಿಸಲಾಯಿತು. ಅದನ್ನು ಆಧಾರವಾಗಿಟ್ಟುಕೊಂಡು, ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸುವ ಯೂನಿಕೋಡ್ ಎಂಬ ಸಂಕೇತವು ೧೯೯೧ರ ತನ್ನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿತು. ೩೨೦೦ರಿಂದ ೩೩೨೭ರವರೆಗಿನ ಆ ಸ್ಥಾನಗಳಲ್ಲಿ ಕಕಾರವು ೩೨೨೧ನೆಯದು. ಯಂಕಂಚಿಯಲ್ಲಿ ಒತ್ತಿದ ಕಕಾರವು ಅಮೇರಿಕೆಯಲ್ಲಿರುವ ಕನ್ನಡಿಗನ ಯಂತ್ರಕ್ಕೆ ಹೋಗಿ ಕಕಾರವಾಗಿಯೇ ಮೂಡುವುದು ಆ ಅಂಕೆಯ ಮಹಿಮೆಯಿಂದ.

೫

ಇಷ್ಟೆಲ್ಲವೂ ಮೇಜಿನ ಮೇಲಿನ ಗಣಕದ ಕಥೆಯಾಯಿತು. ಅದೇ ಗಣಕವನ್ನು ಅಂಗೈಗೆ ಇಳಿಸಿ, ಓದುಬರಹವನ್ನರಿಯದ ಹಳ್ಳಿಗನ ಕೈಯಲ್ಲಿರಿಸಬೇಕೆಂಬ ಸಾಹಸವು ಮೊಬೈಲು ಜನಪ್ರಿಯವಾಗುವ ಮೊದಲೇ ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬವರೂ, ಎನ್‌ಕೋರ್ ಎಂಬ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರೂ ಕೂಡಿ ೧೯೯೯ರಲ್ಲಿ ಒಂದು ನ್ಯಾಸವನ್ನು ಕಟ್ಟಿದರು. ಅವರು ಕಲ್ಪಿಸಿದ ಯಂತ್ರದ ಹೆಸರು ಸಿಂಪ್ಯೂಟರ್; ಸರಳವಾದ, ಅಗ್ಗವಾದ, ಅನೇಕ ಭಾಷೆಗಳ, ಜನರ ಗಣಕ ಎಂಬುದು ಆ ಹೆಸರಿನ ತಾತ್ಪರ್ಯ. ೨೦೦೧ರ ಏಪ್ರಿಲಿನಲ್ಲಿ ಅದರ ಮಾದರಿಯನ್ನು ಬೆಂಗಳೂರಿನಲ್ಲಿ ಜನರ ಮುಂದಿಟ್ಟರು.

ಆ ಯಂತ್ರದ ದಿನಬಳಕೆಯನ್ನು ನಿರ್ಮಾಪಕರು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದು ಅದರ ಅಂಗಾಂಗಗಳಿಂದ ತಿಳಿಯುತ್ತದೆ. ಹಳ್ಳಿಯಲ್ಲಿ ವಿದ್ಯುತ್ತು ಇರುವುದೆಂಬ ಭರವಸೆಯಿಲ್ಲ. ಆದುದರಿಂದ ಅಂಗಡಿಯಲ್ಲಿ ದೊರೆಯುವ ಮೂರು ಸಣ್ಣ ಸೆಲ್ಲುಗಳಿಂದಲೂ ಅದು ನಡೆಯುವಂತೆ ಮಾಡಿದರು. ಒಬ್ಬ ರೈತನಿಗೆ ಒಂದು ಯಂತ್ರವನ್ನು ಕೊಳ್ಳುವ ಶಕ್ತಿಯಿಲ್ಲ. ಆದುದರಿಂದ ಊರಿಗೆ ಒಂದು ಯಂತ್ರವಿದ್ದು, ಒಬ್ಬೊಬ್ಬನಿಗೂ ತನ್ನ ವಿವರಗಳುಳ್ಳ ಒಂದು ಚಿಕ್ಕ ಕಾರ್ಡಿದ್ದರೆ ಸಾಕೆಂದರು. ಓದುಬಾರದವನಿಗೆ ಅಕ್ಷರಗಳು ವ್ಯರ್ಥ. ಆದುದರಿಂದ ಬರಹವನ್ನು ದೇಶಭಾಷೆಗಳಲ್ಲಿ ಯಂತ್ರವೇ ಗಟ್ಟಿಯಾಗಿ ಓದಿ ಹೇಳುವ ಉಪಾಯವನ್ನು ಮಾಡಿದರು. ಕೀಲಿಮಣೆಯ ಬದಲು ಮುಟ್ಟಿದರೆ ತಿಳಿಯುವ ಗಾಜನ್ನು ಇಟ್ಟರು. ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸಹಕಾರದಿಂದ ೨೦೦೪ರಲ್ಲಿ ‘ಅಮಿಡ’ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂದಾಗ, ಯಂತ್ರವನ್ನು ಕೈಯಲ್ಲಿ ಹೊರಳಿಸಿದರೆ ಪುಟವು ತಿರುವಿಕೊಳ್ಳುವ ಗುಣವೂ ಅದರಲ್ಲಿ ಇದ್ದಿತು. ಹೊರಳಿಸಿದೊಡನೆ ಚಿತ್ರವು ತಿರುಗುವುದನ್ನು ಅಮೇರಿಕೆಯ ಹೆಸರಾಂತ ಫೋನಿನಲ್ಲಿ ಜಗತ್ತು ಕಂಡು ಬೆರಗಾದುದು ಅದಾದ ಮೂರು ವರ್ಷಗಳ ಅನಂತರ.

ಆದರೂ ಅಮಿಡವು ನಿಲ್ಲಲಿಲ್ಲ. ಅದರ ಆರಂಭದ ಬೆಲೆಯು ೯,೯೫೦ ರೂಪಾಯಿ. ಮೊದಲನೆಯ ವರ್ಷದಲ್ಲಿ ೫೦,೦೦೦ ಯಂತ್ರಗಳು ಹೋಗುವುವೆಂದು ಆಶಿಸಿದ್ದಲ್ಲಿ ೪,೦೦೦ದ ಆಸುಪಾಸಿನಷ್ಟು ಮಾತ್ರ ಮಾರಾಟವಾದುವು. ಅದು ಸಿದ್ಧವಾಗುತ್ತಿದ್ದ ವರ್ಷಗಳಲ್ಲಿಯೇ ಮತ್ತೊಂದು ವಸ್ತುವು ಪೇಟೆಯಲ್ಲಿ ಅದಕ್ಕಿಂತ ಅಗ್ಗವಾಗಿ ಓಡಾಡತೊಡಗಿತ್ತು. ಹಳ್ಳಿಗನು ಮೊದಲು ಬಯಸಿದುದು ಲೆಕ್ಕವನ್ನೂ ಅಲ್ಲ, ಪುಸ್ತಕವನ್ನೂ ಅಲ್ಲ. ದೂರದಲ್ಲಿರುವ ತನ್ನವರ ಧ್ವನಿಯನ್ನು. ಅದನ್ನು ಕೊಟ್ಟ ವಸ್ತುವಿನ ಮುಂದೆ ಅಮಿಡದ ಸದ್ಗುಣಗಳು ನಿಲ್ಲಲಾರದೆ ಹೋದುವು. ಆದರೆ ಯಂತ್ರವು ಸೋತಿತೆಂದು ವಿಚಾರವು ಸೋತಿತೆನ್ನಲಾಗದು. ಇಂದಿನ ಫೋನು ಬರಹವನ್ನು ಓದಿ ಹೇಳುತ್ತದೆ, ಆಡಿದ ಮಾತನ್ನು ಬರಹವಾಗಿಸುತ್ತದೆ, ಬೆರಳು ಮುಟ್ಟಿದರೆ ತಿಳಿಯುತ್ತದೆ. ಬೆಂಗಳೂರಿನ ಆ ವಿದ್ವಾಂಸರು ಹಳ್ಳಿಗನಿಗಾಗಿ ಬಯಸಿದುದೆಲ್ಲವೂ ಪರದೇಶದ ಯಂತ್ರಗಳ ಮಾರ್ಗವಾಗಿ ಹಳ್ಳಿಗೆ ಬಂದು ಸೇರಿದೆ.

೬

ಇನ್ನು ಆ ಮತ್ತೊಂದು ವಸ್ತುವಿನ ವಿಚಾರ. ಭಾರತದಲ್ಲಿ ಮೊಬೈಲಿನ ಮೊದಲ ಮಾತುಕತೆಯು ೧೯೯೫ರ ಜುಲೈ ೩೧ರಂದು ಕಲಕತ್ತೆಯಿಂದ ದಿಲ್ಲಿಗೆ ನಡೆಯಿತು. ಆಗ ಮಾತನಾಡಿದವನಿಗೂ ಶುಲ್ಕ, ಕೇಳಿದವನಿಗೂ ಶುಲ್ಕ. ೨೦೦೩ರಲ್ಲಿ ಒಳಬರುವ ಕರೆಯ ಶುಲ್ಕವು ನಿಂತಿತು. ಅದೇ ವರ್ಷ ನೋಕಿಯಾ ಸಂಸ್ಥೆಯ ೧೧೦೦ ಎಂಬ ಫೋನು ಹೊರಬಂದಿತು. ಧೂಳು ಹೊಗದ ಕೀಲಿಗಳು, ಕೈಯಿಂದ ಜಾರದ ಮೈ, ತಲೆಯಲ್ಲೊಂದು ಬ್ಯಾಟರಿದೀಪ. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಹೋಗುವ ರೈತನಿಗೆ ಹೇಳಿ ಮಾಡಿಸಿದಂತಿದ್ದಿತು. ಜಗತ್ತಿನಲ್ಲಿ ಅದು ೨೫ ಕೋಟಿಯಷ್ಟು ಮಾರಾಟವಾಯಿತು. ಹೀಗೆ ಬಂದ ಫೋನು ಒಂದೊಂದಾಗಿ ಮನೆಯ ಸಾಮಾನುಗಳನ್ನು ನುಂಗುತ್ತ ಹೋಯಿತು. ಕೈಗಡಿಯಾರ, ಎಬ್ಬಿಸುವ ಗಂಟೆ, ದೀಪ, ಲೆಕ್ಕದ ಯಂತ್ರ, ರೇಡಿಯೊ, ಕ್ಯಾಮರಾ, ಹಾಡಿನ ಪೆಟ್ಟಿಗೆ ಎಲ್ಲವೂ ಅದರ ಹೊಟ್ಟೆಯೊಳಗೆ ಸೇರಿದುವು. ಕೊನೆಗೆ ಅಂಚೆಯ ಕಾರ್ಡೂ ಸೇರಿತು.

ಕಾರ್ಡಿನ ಸ್ಥಾನವನ್ನು ಹಿಡಿದ ಕಿರುಸಂದೇಶದಲ್ಲಿಯೇ ಕನ್ನಡಕ್ಕೆ ಪೆಟ್ಟು ಬಿದ್ದಿತು. ಅದರ ಕಾರಣವನ್ನು ಎಣಿಕೆಯಿಂದಲೇ ತಿಳಿಯಬಹುದು. ಒಂದು ಸಂದೇಶದಲ್ಲಿ ಹಿಡಿಯುವ ಭಾರವು ಯಂತ್ರದ ಅಳತೆಯಲ್ಲಿ ೧,೧೨೦ ಬಿಂದುಗಳಷ್ಟು ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಅಲ್ಲಿ ೭ ಬಿಂದುಗಳು ಸಾಕು. ಆದುದರಿಂದ ೧೬೦ ಅಕ್ಷರಗಳು ಹಿಡಿಯುತ್ತಿದ್ದುವು. ಯೂನಿಕೋಡಿನ ಕನ್ನಡಕ್ಕೆ ೧೬ ಬಿಂದುಗಳು ಬೇಕು. ಆದುದರಿಂದ ೭೦ ಮಾತ್ರ. ಆ ೭೦ರಲ್ಲಿಯೂ ಕೊಂಬು, ದೀರ್ಘ, ಹಲಂತಗಳು ಬೇರೆಬೇರೆಯಾಗಿ ಲೆಕ್ಕಕ್ಕೆ ಬರುತ್ತಿದ್ದುವು. ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಕ್ಷೇತ್ರ’ ಎಂಬ ಮಾತಿಗೆ ಏಳು ಸ್ಥಾನಗಳು ಹೋಗುತ್ತಿದ್ದುವು. ಒಂದು ಸಂದೇಶಕ್ಕೆ ಇಷ್ಟೆಂದು ಹಣ ತೆರುವ ಕಾಲದಲ್ಲಿ ಕನ್ನಡದಲ್ಲಿ ಬರೆಯುವವನು ಒಂದರ ಬದಲು ಎರಡು ಮೂರಕ್ಕೆ ಹಣ ತೆರಬೇಕಾಗುತ್ತಿದ್ದಿತು. ತೆತ್ತು ಕಳುಹಿಸಿದರೂ, ಪಡೆದವನ ಫೋನಿನಲ್ಲಿ ಕನ್ನಡದ ಆಕೃತಿಗಳಿಲ್ಲದಿದ್ದರೆ ಬರಿಯ ಚೌಕಗಳ ಸಾಲು ಕಾಣಿಸುತ್ತಿದ್ದಿತು. ಹೀಗಿರಲು ಹುಡುಗರು ಇಂಗ್ಲಿಷ್ ಅಕ್ಷರಗಳನ್ನು ಹಿಡಿದುದು ಭಾಷೆಯ ಮೇಲಣ ಅನಾದರದಿಂದಲ್ಲ. ಬಡವನು ಅಗ್ಗದ ದಾರಿಯನ್ನು ಹಿಡಿದನು, ಅಷ್ಟೆ.

ಆ ಅಡ್ಡಿಗಳು ಈಗ ಉಳಿದಿಲ್ಲ. ಇಂದು ಬಹುಮಂದಿಯ ಕೈಯಲ್ಲಿರುವ ಆ್ಯಂಡ್ರಾಯ್ಡ್ ಫೋನುಗಳಿಗೆ ೨೦೧೨ರ ಆವೃತ್ತಿಯಿಂದ ತೆಲುಗು ಮಲೆಯಾಳಗಳೊಡನೆ ಕನ್ನಡವೂ ಸೇರಿತು. ೨೦೧೬ರಲ್ಲಿ ಹೊರಟ ಭಾರತೀಯ ಮಾನಕವೊಂದು, ದೇಶದಲ್ಲಿ ಮಾರುವ ಫೋನುಗಳು ಸಂವಿಧಾನದ ೨೨ ಭಾಷೆಗಳಲ್ಲಿಯೂ ಬಂದ ಸಂದೇಶವನ್ನು ತೋರಿಸಬಲ್ಲವಾಗಿರಬೇಕೆಂದು ಗೊತ್ತುಮಾಡಿತು. ಆ್ಯಪಲ್ ಸಂಸ್ಥೆಯ ಫೋನಿನಲ್ಲಿ ೨೦೧೭ರಲ್ಲಿ ಕನ್ನಡದ ಮಣೆಯು ಬಂದಿತು. ಅಂತರಜಾಲದ ಮೂಲಕ ಹೋಗುವ ಸಂದೇಶಗಳಿಗೆ ೭೦ರ ಮಿತಿಯಿಲ್ಲ, ಅಕ್ಷರಕ್ಕೆ ಇಷ್ಟೆಂಬ ಹಣವೂ ಇಲ್ಲ. ರಾಜ್ಯದ ಭೂಮಿ ಎಂಬ ಯೋಜನೆಯಿಂದ ಎರಡು ಕೋಟಿ ಪಹಣಿಗಳು ಈ ಶತಮಾನದ ಆರಂಭದಲ್ಲಿಯೇ ಗಣಕವನ್ನು ಸೇರಿದುವು. ತನ್ನ ಹೊಲದ ಪಹಣಿಯನ್ನು ರೈತನು ಅದೇ ಗಾಜಿನ ಮೇಲೆ ಕನ್ನಡದಲ್ಲಿಯೇ ಓದಿಕೊಳ್ಳಬಹುದು.

೭

ಕಾರಣವು ಹೋಯಿತು; ಅಭ್ಯಾಸವು ನಿಂತಿತು. ಪ್ರಕೃತದ ಸ್ಥಿತಿಯನ್ನು ಇಷ್ಟರಲ್ಲಿ ಹೇಳಬಹುದು. ಈ ಅಭ್ಯಾಸದಿಂದ ಆಗುವ ನಷ್ಟವು ಬರಿಯ ಅಭಿಮಾನದ ನಷ್ಟವೆಂದು ತಿಳಿಯಬಾರದು. ತೊಗರಿಯನ್ನು ಬೆಳೆಯುವ ಯಂಕಂಚಿಯಂಥ ಊರಿನ ರೈತನಿಗೆ ಮೂರು ಮಾತುಗಳು ಪ್ರತಿದಿನವೂ ಬೇಕು: ಹೊಲದಲ್ಲಿರುವ ಬೆಳೆ, ಪೇಟೆಯಲ್ಲಿ ಅದಕ್ಕೆ ದೊರೆಯುವ ಬೆಲೆ, ಗಿರಣಿಯಿಂದ ಹೊರಬೀಳುವ ಬೇಳೆ. ಲಕಾರ ಳಕಾರಗಳ ಭೇದದಿಂದಲೂ ಹ್ರಸ್ವದೀರ್ಘಗಳ ಭೇದದಿಂದಲೂ ಕನ್ನಡವು ಈ ಮೂರನ್ನೂ ತಕ್ಕಡಿಯಲ್ಲಿ ತೂಗಿದಂತೆ ಬೇರ್ಪಡಿಸಿ ಇಟ್ಟಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮೂರಕ್ಕೂ ಬಿ, ಇ, ಎಲ್, ಇ ಎಂಬ ನಾಲ್ಕೇ ಅಕ್ಷರಗಳು. ‘ಬೆಲೆ ಹೇಗಿದೆ’ ಎಂದು ಮಗನು ಕೇಳಿದನೋ ‘ಬೆಳೆ ಹೇಗಿದೆ’ ಎಂದು ಕೇಳಿದನೋ ತಂದೆಯು ಊಹಿಸಬೇಕು. ಹಾಲೂ ಹಾಳೂ ಅಲ್ಲಿ ಒಂದೇ. ಕಾಲೂ ಕಾಳೂ ಒಂದೇ. ಕಿವಿಗೆ ಸ್ಪಷ್ಟವಾದ ಭೇದವು ಕಣ್ಣಿಗೆ ಇಲ್ಲವಾದರೆ, ಎರಡು ತಲೆಮಾರುಗಳಲ್ಲಿ ಅದು ನಾಲಗೆಯಿಂದಲೂ ಜಾರದೆಂದು ಹೇಳುವ ಧೈರ್ಯವು ಯಾರಿಗಿದೆ?

ಬರೆಯುವುದೇ ಬೇಡ, ಮಾತನಾಡಿದರೆ ಯಂತ್ರವೇ ಬರೆದುಕೊಳ್ಳುವುದಲ್ಲ ಎಂದು ಕೆಲವರು ಹೇಳುವರು. ಓದುಬಾರದವರಿಗೆ ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಂತ್ರವು ಬರೆದುದು ಸರಿಯೋ ತಪ್ಪೋ ಎಂದು ನೋಡುವುದಕ್ಕೂ ಅಕ್ಷರವನ್ನು ಬಲ್ಲ ಕಣ್ಣು ಬೇಕು. ಅದಿಲ್ಲದಿದ್ದರೆ ಸೆರಗಿನಲ್ಲಿ ಕಾರ್ಡನ್ನಿಟ್ಟುಕೊಂಡು ಮಾಸ್ತರರ ಮನೆಗೆ ಹೋದ ತಾಯಿಗೂ, ಯಂತ್ರವನ್ನು ನಂಬಿ ಕುಳಿತ 
ಮಗನಿಗೂ ಭೇದವೇನು? ಇಬ್ಬರ ಓಲೆಯನ್ನೂ ಪರರೇ ಬರೆದಂತಾಯಿತು.

ಹಳಕಟ್ಟಿಯವರ ಕಾಲದಲ್ಲಿ ಕನ್ನಡದ ಅಕ್ಷರವನ್ನು ಅಚ್ಚಿಗೆ ಏರಿಸಬೇಕಾದರೆ ಸೀಸವು ಬೇಕಾಗಿದ್ದಿತು, ಮೊಳೆಗಳನ್ನು ಜೋಡಿಸುವ ಕೈಗಳು ಬೇಕಾಗಿದ್ದುವು, ಮನೆಯನ್ನು ಮಾರುವ ಎದೆಗಾರಿಕೆಯು ಬೇಕಾಗಿದ್ದಿತು. ಇಂದು ಅದಾವುದೂ ಬೇಕಿಲ್ಲ. ಫೋನಿನ ಆಯ್ಕೆಗಳಲ್ಲಿ ಭಾಷೆಯೆಂಬಲ್ಲಿ ಕನ್ನಡವನ್ನು ಒಮ್ಮೆ ಆರಿಸಿಟ್ಟರೆ ಮಣೆಯು ಬರುವುದು; ಅಕ್ಷರಮಾಲೆಯನ್ನು ಬಲ್ಲವನಿಗೆ ಅದು ಕೈವಶವಾಗಲು ಕೆಲವು ದಿನಗಳ ರೂಢಿ ಸಾಕು. ಸಾಲೆಯಲ್ಲಿ ಶುದ್ಧಬರಹಕ್ಕೆ ಮೀಸಲಾದ ಸಮಯದಲ್ಲಿ ಒಂದು ಘಳಿಗೆಯನ್ನು ಇದಕ್ಕೆ ಕೊಟ್ಟರೆ, ಮಕ್ಕಳು ಮನೆಗೆ ಹೋಗಿ ಹಿರಿಯರಿಗೂ ಕಲಿಸಿಯಾರು. ಯಂತ್ರವು ಮಾಡಬೇಕಾದುದನ್ನು ಮಾಡಿ ಮುಗಿಸಿದೆ. ಪುಣೆಯಲ್ಲಿ ದುಡಿಯುವ ಮಗನು ತೊಗರಿಯ ಬೆಲೆಯನ್ನು ಬೆಲೆಯೆಂದೂ ಬೆಳೆಯನ್ನು ಬೆಳೆಯೆಂದೂ ಬರೆದು ಕೇಳುವ ದಿನ, ಆ ಎರಡನೆಯ ಕೆಲಸವೂ ಮುಗಿದಂತೆ.